ಎಪ್ಪತ್ತು ಸ್ಥಾನಗಳ ಜಾಹೀರಾತು

ಕನ್ನಡದಲ್ಲಿ ಬರೆದ ಒಂದು ಎಸ್ಸೆಮ್ಮೆಸ್‌ನಲ್ಲಿ ಇರುವುದು 70 ಸ್ಥಾನ ಮಾತ್ರ. ಸಣ್ಣ ಅಂಗಡಿಯವರು ಫೋನಿನ ಮೂಲಕ ಗಿರಾಕಿಗಳನ್ನು ಕರೆಯುವ ವಿದ್ಯೆಯ ಬಗ್ಗೆ ಹೇಳಹೊರಟರೆ ಈ ಎಪ್ಪತ್ತರಿಂದಲೇ ಶುರುಮಾಡಬೇಕು ಅನ್ನಿಸುತ್ತದೆ. ಆ ವಿದ್ಯೆಯ ಕಷ್ಟವೂ ಚೆಂದವೂ ಅಲ್ಲೇ ಇದೆ.

ಇಂಗ್ಲಿಷಿನಲ್ಲಾದರೆ 160. ಈ ಸಂಖ್ಯೆಯ ಹಿಂದೆ ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಇದ್ದಾರೆ. 1985ರಲ್ಲಿ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು, ತೋಚಿದ ವಾಕ್ಯಗಳನ್ನೆಲ್ಲ ಟೈಪು ಮಾಡಿ, ಅಕ್ಷರ ಎಣಿಸಿ ನೋಡಿದರು. ಜನ ಪೋಸ್ಟ್‌ಕಾರ್ಡಿನಲ್ಲಿ ಎಷ್ಟು ಬರೆಯುತ್ತಾರೆ ಎಂಬುದನ್ನೂ ಗಮನಿಸಿದರು. ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳಬೇಕಾದ ಒಂದು ವಿಷಯಕ್ಕೆ 160 ಅಕ್ಷರ ಸಾಕು ಎಂಬ ತೀರ್ಮಾನಕ್ಕೆ ಬಂದರು. ಒಂದು ಸಂದೇಶಕ್ಕೆ ಸಿಗುವ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ ಅಷ್ಟರಲ್ಲೇ 160 ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಎರಡು ಬೈಟ್ ಬೇಕು, ಹಾಗಾಗಿ 70. ಭಾರತೀಯ ಭಾಷೆಗಳಿಗೆಂದು, ಕನ್ನಡವೂ ಸೇರಿ, ಇನ್ನೂ ಬಿಗಿಯಾದ ಸಂಕೇತ ಕೋಷ್ಟಕಗಳು ಮಾನದಂಡದಲ್ಲಿ ಇವೆ. ಆದರೆ ಸಾವಿರಾರು ಸಂದೇಶಗಳನ್ನು ಒಟ್ಟಿಗೆ ಕಳಿಸುವವರು ಯೂನಿಕೋಡ್‌ನಲ್ಲೇ ಕಳಿಸುತ್ತಾರೆ, ಎಪ್ಪತ್ತರಲ್ಲೇ ಲೆಕ್ಕ ಹಾಕುತ್ತಾರೆ.

ಎಪ್ಪತ್ತು ಎಂದರೆ ನಾವು ಶಾಲೆಯಲ್ಲಿ ಎಣಿಸಿದ ಅಕ್ಷರಗಳೂ ಅಲ್ಲ. ‘ಎಣ್ಣೆ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಯಂತ್ರಕ್ಕೆ ಐದು: ಎ, ಣ, ಒತ್ತು ಕೊಡಲು ಬೇಕಾದ ಹಲಂತದ ಚಿಹ್ನೆ, ಮತ್ತೆ ಣ, ಕೊನೆಗೆ ಎತ್ವ. ‘ದೊರೆಯುತ್ತದೆ’ ಎಂದು ಬರೆದರೆ ಹನ್ನೊಂದು ಸ್ಥಾನ ಹೋಯಿತು; ಅದೇ ಕೆಲಸ ಮಾಡುವ ‘ಇದೆ’ಗೆ ಮೂರೇ ಸಾಕು. ‘ಫೋನ್‌ಗೆ’ ಎಂಬಲ್ಲಿ ನಕಾರ ಗಕಾರಗಳು ಅಂಟಿಕೊಳ್ಳದಂತೆ ಕೀಲಿಮಣೆ ನಡುವೆ ಒಂದು ಕಾಣದ ಚಿಹ್ನೆ ಇಡುತ್ತದೆ, ಅದೂ ಒಂದು ಸ್ಥಾನ ತಿನ್ನುತ್ತದೆ. ನಗುಮುಖದ ಎಮೋಜಿಗೆ ಎರಡು. ಇಂಗ್ಲಿಷಿನಲ್ಲಿ ಬರೆದು ಬಚಾವಾದೆವು ಅಂದುಕೊಳ್ಳುವವರಿಗೂ ಒಂದು ಹಳ್ಳ ಕಾದಿದೆ. ಹಳೆಯ ಅಕ್ಷರಪಟ್ಟಿಯಲ್ಲಿ ನಮ್ಮ ₹ ಚಿಹ್ನೆ ಇಲ್ಲ. ಅದೊಂದನ್ನು ಸೇರಿಸಿದರೂ ಇಡೀ ಸಂದೇಶ ಯೂನಿಕೋಡ್‌ಗೆ ತಿರುಗಿ, 160 ಇದ್ದದ್ದು 70ಕ್ಕೆ ಇಳಿಯುತ್ತದೆ.

ಗದಗ ಕಡೆಯ ಒಂದು ಎಣ್ಣೆ ಗಾಣ ಎಂದುಕೊಳ್ಳೋಣ. ಮಾಲೀಕರು ಮೊದಲು ಬರೆಯುವುದು ಬಹುತೇಕ ಹೀಗಿರುತ್ತದೆ: “ಗ್ರಾಹಕರ ಗಮನಕ್ಕೆ: ನಮ್ಮಲ್ಲಿ ಶುದ್ಧ ಗಾಣದ ಶೇಂಗಾ ಎಣ್ಣೆ ದೊರೆಯುತ್ತದೆ. ಒಮ್ಮೆ ಭೇಟಿ ಕೊಡಿ.” ಎಣಿಸಿದರೆ 78 ಸ್ಥಾನ. ಎಂಟು ಹೆಚ್ಚಾಯಿತು, ಆದ್ದರಿಂದ ಅದು ಎರಡು ಸಂದೇಶವಾಗಿ ಹೋಗುತ್ತದೆ. ಎರಡನ್ನೂ ಜೋಡಿಸುವ ಗುರುತಿಗೆ ಜಾಗ ಬೇಕಾದ್ದರಿಂದ ಒಂದೊಂದರಲ್ಲೂ 67 ಮಾತ್ರ ಉಳಿಯುತ್ತದೆ. ಓದುವವರಿಗೆ ಒಂದೇ ಸಂದೇಶವಾಗಿ ಕಂಡರೂ ಬಿಲ್ಲು ಎರಡರದ್ದು. ಇಷ್ಟು ಖರ್ಚು ಮಾಡಿ ಹೇಳಿದ್ದಾದರೂ ಏನು? ಇವತ್ತೇ ಏಕೆ ಬರಬೇಕು ಎಂಬುದು ಅದರಲ್ಲಿಲ್ಲ. ಬೆಲೆ ಇಲ್ಲ. ಬರುವಾಗ ಏನು ತರಬೇಕು ಎಂಬುದೂ ಇಲ್ಲ. ಗಮನ ಕೊಡಿ ಎಂದು ಕೇಳುವುದಕ್ಕೇ ಹದಿನಾರು ಸ್ಥಾನ ಖರ್ಚಾಗಿದೆ.

ಈಗ ಅದನ್ನೇ ತಿದ್ದಿದರೆ: “ಗಾಣದ ಹೊಸ ಶೇಂಗಾ ಎಣ್ಣೆ ಬಂದಿದೆ. ಲೀಟರ್ ₹320. ಡಬ್ಬಿ ತನ್ನಿ.” ಇದು 53 ಸ್ಥಾನ. ಹೊಸದು ಬಂದಿದೆ ಎಂಬ ಸುದ್ದಿ ಇದೆ, ಬೆಲೆ ಇದೆ, ಮನೆಯ ಡಬ್ಬಿ ಹಿಡಿದುಕೊಂಡೇ ಹೊರಡಬೇಕು ಎಂಬ ಕೆಲಸವೂ ಇದೆ. ಉಳಿದ ಹದಿನೇಳರಲ್ಲಿ ಗಾಣದ ಹೆಸರು ಕೂರುತ್ತದೆ. ನನಗೆ ಇದರಲ್ಲಿ ಬಹಳ ಹಿಡಿಸುವುದು ‘ಡಬ್ಬಿ ತನ್ನಿ’ ಎಂಬ ಎರಡು ಪದ. ಹಳೇ ಗಿರಾಕಿಗೆ ಅದನ್ನು ಓದಿದ ಕೂಡಲೇ ಅಡುಗೆಮನೆಯ ಮೂಲೆಯಲ್ಲಿರುವ ತನ್ನ ಸ್ಟೀಲ್ ಡಬ್ಬಿ ನೆನಪಾಗುತ್ತದೆ, ಅದರ ತಳದಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂಬುದೂ ನೆನಪಾಗುತ್ತದೆ. ಶುದ್ಧ ಎಂಬ ವಿಶೇಷಣ ಮಾಡಲಾಗದ ಕೆಲಸವನ್ನು ಆ ಡಬ್ಬಿ ಮಾಡುತ್ತದೆ.

ಬರೆದದ್ದನ್ನು ಹಾಗೇ ಕಳಿಸಿಬಿಡುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸುವ ಪ್ರತಿಯೊಬ್ಬರೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವೇದಿಕೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಕಳಿಸುವವರ ಗುರುತಾದ ಹೆಡರ್‌ಗೆ ಒಪ್ಪಿಗೆ ಬೇಕು, ಸಂದೇಶದ ಮಾದರಿಗೂ ಬೇಕು. ದರ, ದಿನಾಂಕದಂತಹ ಬದಲಾಗುವ ಭಾಗಕ್ಕೆ ಜಾಗ ಬಿಟ್ಟು ಉಳಿದದ್ದನ್ನು ಮೊದಲೇ ಮಂಜೂರು ಮಾಡಿಸಿಕೊಳ್ಳಬೇಕು. ಆಮೇಲೆ ಒಂದು ಪದ ಬದಲಾದರೂ ಸಂದೇಶ ದಾರಿಯಲ್ಲೇ ನಿಲ್ಲುತ್ತದೆ. 2024ರ ಅಕ್ಟೋಬರಿನಿಂದ ಮೊದಲೇ ದಾಖಲಿಸದ ಲಿಂಕುಗಳಿಗೂ ತಡೆ ಇದೆ. ಪ್ರಚಾರದ ಸಂದೇಶಕ್ಕೆ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಮಾತ್ರ ಅವಕಾಶ. 1909ಕ್ಕೆ ತಿಳಿಸಿ ಬೇಡ ಎಂದವರಿಗೆ ಕಳಿಸುವಂತಿಲ್ಲ. 2025ರ ತಿದ್ದುಪಡಿಯ ನಂತರ ಹೆಡರಿನ ತುದಿಗೆ ಒಂದು ಇಂಗ್ಲಿಷ್ ಅಕ್ಷರ ಸೇರಿದೆ: ‘ಪಿ’ ಇದ್ದರೆ ಪ್ರಚಾರ, ‘ಎಸ್’ ಇದ್ದರೆ ಸೇವೆ, ‘ಟಿ’ ಇದ್ದರೆ ವಹಿವಾಟು, ‘ಜಿ’ ಇದ್ದರೆ ಸರ್ಕಾರ. ನಿಮ್ಮ ಫೋನಿನ ಇನ್‌ಬಾಕ್ಸ್ ತೆರೆದರೆ ಈಗಲೇ ಕಾಣುತ್ತದೆ.

ಅಂಗಡಿಯವರಿಗೆ ಇದು ಕಿರಿಕಿರಿ ಎನ್ನುವುದು ನಿಜ. ನೋಂದಣಿಗೆ ದುಡ್ಡು, ಕಾಗದಪತ್ರ, ಕಾಯುವಿಕೆ ಎಲ್ಲವೂ ಇದೆ. ಇನ್ನೂರು ಮುನ್ನೂರು ಗಿರಾಕಿಗಳ ಅಂಗಡಿಗೆ ಈ ದಾರಿ ದಂಡ ಎಂದೇ ನನ್ನ ಅಭಿಪ್ರಾಯ. ಸಾವಿರಗಟ್ಟಲೆ ಹಳೇ ಗಿರಾಕಿಗಳಿರುವ ಬಟ್ಟೆ ಅಂಗಡಿ, ಚಿನ್ನದಂಗಡಿ, ಕೋಚಿಂಗ್ ಕ್ಲಾಸುಗಳಿಗೆ ಅದು ಗಿಟ್ಟುತ್ತದೆ. ಡಾಟಾ ಇಲ್ಲದ ಕೀಪ್ಯಾಡ್ ಫೋನಿಗೂ ಎಸ್ಸೆಮ್ಮೆಸ್ ತಲುಪುತ್ತದೆ ಎಂಬುದನ್ನು ಹಳ್ಳಿಯ ಗಿರಾಕಿಗಳಿರುವ ಬೀಜ, ಗೊಬ್ಬರದ ಅಂಗಡಿಯವರು ಚೆನ್ನಾಗಿ ಬಲ್ಲರು. ಆದರೆ ಸ್ವಂತ ಹತ್ತಂಕಿಯ ನಂಬರಿನಿಂದ ಕಂಡಕಂಡವರಿಗೆಲ್ಲ ಜಾಹೀರಾತು ತಳ್ಳುವುದನ್ನು ಮಾತ್ರ ಯಾರೂ ಮಾಡಬಾರದು. ದೂರು ಹೋದರೆ ನಂಬರೇ ಕಡಿತವಾಗುತ್ತದೆ. ಹತ್ತು ವರ್ಷ ಬೋರ್ಡಿನ ಮೇಲೆ ಬರೆಸಿದ್ದ ನಂಬರ್ ಹೋದರೆ ಅಂಗಡಿಗೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ.

ಮಿಸ್ಡ್ ಕಾಲ್ ಎಂಬ ನಮ್ಮದೇ ಉಪಾಯವನ್ನೂ ಇಲ್ಲಿ ನೆನೆಯಬೇಕು. ಕರೆಗೆ ದುಡ್ಡು ಕೊಡಬೇಕಿದ್ದ ಕಾಲದಲ್ಲಿ ‘ಬಂದೆ’, ‘ಹೊರಟೆ’, ‘ನೀನೇ ಮಾಡು’ ಎಂಬುದನ್ನೆಲ್ಲ ಒಂದು ರಿಂಗಿನಲ್ಲಿ ಹೇಳುತ್ತಿದ್ದ ಜನ ನಾವು. ಆ ಅಭ್ಯಾಸವನ್ನೇ ಜಾಹೀರಾತಿನ ವಾಹನವಾಗಿಸಿದ್ದು ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಜಿಪ್‌ಡಯಲ್. ನಂಬರಿಗೆ ರಿಂಗ್ ಕೊಟ್ಟರೆ ಕರೆ ತಾನೇ ಕಡಿದುಹೋಗಿ, ಮಾಹಿತಿ ಎಸ್ಸೆಮ್ಮೆಸ್ ಆಗಿ ಬರುತ್ತಿತ್ತು. 2015ರಲ್ಲಿ ಆ ಕಂಪನಿಯನ್ನು ಟ್ವಿಟರ್ ಕೊಂಡುಕೊಂಡಿತು. ಮರುವರ್ಷ ಜಿಯೋ ಬಂದು ಕರೆ ಅಗ್ಗವಾದ ಮೇಲೆ ಮಿಸ್ಡ್ ಕಾಲಿನ ಅಗತ್ಯ ಕಡಿಮೆಯಾಯಿತು. ಆದರೂ ಅದರ ಒಂದು ಗುಣ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಮೊದಲ ಹೆಜ್ಜೆ ಇಟ್ಟವನು ಗಿರಾಕಿ. ಅಂಗಡಿಯವನು ಉತ್ತರ ಕೊಟ್ಟನಷ್ಟೆ.

ಇಂದಿನ ಸಣ್ಣ ವ್ಯಾಪಾರದಲ್ಲಿ ಈ ಗುಣ ಉಳಿದಿರುವುದು ವಾಟ್ಸ್‌ಆ್ಯಪ್‌ನಲ್ಲಿ. 2018ರ ಜನವರಿಯಲ್ಲಿ ಅದರ ಬಿಸಿನೆಸ್ ಆ್ಯಪ್ ಬಂತು, ಉಚಿತವಾಗಿ. ಅಂಗಡಿಯ ವಿಳಾಸ, ಸಮಯ, ಸಾಮಾನಿನ ಕ್ಯಾಟಲಾಗ್, ಅಂಗಡಿ ಮುಚ್ಚಿದಾಗ ತಾನೇ ಹೋಗುವ ಉತ್ತರ ಎಲ್ಲವೂ ಅದರಲ್ಲಿದೆ. ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಸಂಗತಿಗಳು. ನಿಜವಾದ ಕಸುಬು ಬೇರೆ ಕಡೆ ಇದೆ. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರನ್ನು ಸೇರಿಸಬಹುದು, ಆದರೆ ಸಂದೇಶ ತಲುಪುವುದು ಯಾರು ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾರೋ ಅವರಿಗೆ ಮಾತ್ರ. ಸ್ಟೇಟಸ್ ಹಾಕಿದರೂ ಅಷ್ಟೇ, ಎರಡೂ ಕಡೆ ನಂಬರ್ ಇದ್ದವರಿಗೆ ಕಾಣುತ್ತದೆ. ಹಾಗಾಗಿ ಸಣ್ಣ ಅಂಗಡಿಯ ಫೋನ್ ಜಾಹೀರಾತಿನ ಮೊದಲ ಗೆಲುವು ಗಿರಾಕಿಯ ಫೋನ್‌ಬುಕ್ಕಿನಲ್ಲಿ ಒಂದು ಹೆಸರಾಗುವುದು. ‘ಟೈಲರ್ ಅಕ್ಕ’, ‘ಹೂವಿನ ಅಣ್ಣ’, ‘ಗ್ಯಾಸ್ ಸ್ಟವ್ ರಿಪೇರಿ’ ಎಂದು ಸೇವ್ ಆಗಿಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಇದನ್ನು ಸಾಧಿಸುವ ರೀತಿಯನ್ನು ಒಬ್ಬ ಬ್ಲೌಸ್ ಹೊಲಿಯುವ ಹೆಂಗಸಿನ ಅಂಗಡಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಅಳತೆ ಬ್ಲೌಸು ತೆಗೆದುಕೊಂಡು, ಬಟ್ಟೆಗೆ ಚೀಟಿ ಪಿನ್ನು ಮಾಡಿ, ಆಕೆ ಹೇಳುವುದು ಇಷ್ಟು: “ಅಕ್ಕಾ, ನನ್ ನಂಬರ್ ಸೇವ್ ಮಾಡ್ಕೊಳ್ಳಿ. ಕತ್ತಿನ ಡಿಸೈನ್ ಆದ್ಮೇಲೆ ಫೋಟೋ ಹಾಕ್ತೀನಿ, ಸರಿ ಇದ್ಯಾ ನೋಡಿ ಹೇಳಿ. ಆಮೇಲೆ ಬಂದ್ರೆ ಸಾಕು, ಸುಮ್ನೆ ಎರಡೆರಡು ಸಲ ಓಡಾಡ್ಬೇಡಿ.” ಇದರಲ್ಲಿ ಪ್ರಚಾರದ ಮಾತೇ ಇಲ್ಲ. ಗಿರಾಕಿಯ ಒಂದು ಓಡಾಟ ಉಳಿಸುವ ನೆಪದಲ್ಲಿ ನಂಬರ್ ಸೇವ್ ಆಯಿತು. ಆಮೇಲೆ ಆಕೆ ಹಾಕುವ ಸ್ಟೇಟಸ್ಸುಗಳು, ಸೆರಗಿನ ಕುಚ್ಚು, ತೋಳಿನ ಅಂಚು, ಬೆನ್ನಿನ ಮೇಲಿನ ಲಟಕನ್ನು, ಆ ಗಿರಾಕಿಗೆ ದಿನವೂ ಕಾಣುತ್ತವೆ. ಆಕೆ ರೂಪದರ್ಶಿಯ ಫೋಟೋ ಹಾಕುವುದಿಲ್ಲ. ಹೊಲಿಗೆ ಮಷೀನಿನ ಪಕ್ಕದ ಕಿಟಕಿಯ ಬೆಳಕಿನಲ್ಲಿ, ಸೀರೆಯನ್ನು ಒಂದು ಮಡಿಕೆ ಮಡಿಸಿ, ಕುಚ್ಚಿನ ನಾಲ್ಕೈದು ಗಂಟುಗಳಷ್ಟೇ ಕಾಣುವಂತೆ ತೆಗೆಯುತ್ತಾಳೆ. ಗಂಟು ಬಿಗಿಯಾಗಿದೆಯೇ, ದಾರದ ಬಣ್ಣ ಅಂಚಿಗೆ ಕೂಡಿದೆಯೇ ಎಂದು ಹೆಂಗಸರು ನೋಡುವುದು ಅಲ್ಲೇ. ತನ್ನ ಕೆಲಸವನ್ನು ಬಲ್ಲವಳಿಗೆ ಮಾತ್ರ ಎಲ್ಲಿ ಕ್ಯಾಮೆರಾ ಹಿಡಿಯಬೇಕು ಎಂಬುದು ಗೊತ್ತಿರುತ್ತದೆ.

ಸಮಯದ ವಿಷಯದಲ್ಲಿ ನಾನು ಕಂಡ ಗುರು ಒಂದು ಅಯ್ಯಂಗಾರ್ ಬೇಕರಿ. ಸಂಜೆಯ ಓವನ್ ತೆರೆಯುವ ಹೊತ್ತಿಗೆ ಅಲ್ಲಿನ ಹುಡುಗ ಫೋನ್ ಕೈಗೆ ತೆಗೆದುಕೊಳ್ಳುತ್ತಾನೆ. ತಟ್ಟೆ ತುಂಬ ಸಾಲಾಗಿರುವ ಖಾರಾ ಬನ್ನುಗಳ ಫೋಟೋ ತೆಗೆಯುವುದು ಸುಲಭ, ಆದರೆ ಅವನು ಹಾಗೆ ಮಾಡುವುದಿಲ್ಲ. ಒಂದನ್ನು ಎತ್ತಿ, ಬೆರಳು ಸುಡದಂತೆ ಕಾಗದದಲ್ಲಿ ಹಿಡಿದು, ನಡುವೆ ಮುರಿಯುತ್ತಾನೆ. ಒಳಗಿನ ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಸೊಪ್ಪು ಕಾಣಿಸಿ, ಹಬೆ ಇನ್ನೂ ಏಳುತ್ತಿರುವಾಗಲೇ ಫೋಟೋ. ಟ್ಯೂಬ್‌ಲೈಟಿನ ಕೆಳಗೆ ಬ್ರೆಡ್ಡು ಬಿಳಿಚಿಕೊಳ್ಳುತ್ತದೆಂದು ಗಲ್ಲಾಪೆಟ್ಟಿಗೆಯ ಕಡೆ, ರಸ್ತೆಯ ಬೆಳಕು ಬೀಳುವಲ್ಲಿ ನಿಲ್ಲುತ್ತಾನೆ. ಕೆಳಗೆ ಬರೆಯುವುದು ‘ಖಾರಾ ಬನ್ ಈಗ ಇಳೀತು’ ಎಂದಷ್ಟೇ. ಶಾಲೆ ಬಿಟ್ಟ ಮಕ್ಕಳನ್ನು ಕರೆತರುವ ತಾಯಂದಿರು, ಆಫೀಸಿನಿಂದ ಹೊರಡುವವರು ಫೋನ್ ನೋಡುವ ಹೊತ್ತು ಅದು. ಕತ್ತಲಾಗುವ ಹೊತ್ತಿಗೆ ಇನ್ನೊಂದು ಸ್ಟೇಟಸ್ ಬರುತ್ತದೆ: ಖಾಲಿ ತಟ್ಟೆ, ‘ಮುಗೀತು’. ದುಡ್ಡು ಕೊಟ್ಟು ಮಾಡಿಸಿದ ಯಾವ ವಿಡಿಯೋಗಿಂತಲೂ ಆ ಖಾಲಿ ತಟ್ಟೆಯ ಮೇಲೆ ನನಗೆ ಗೌರವ ಹೆಚ್ಚು. ಅದು ಸುಳ್ಳು ಹೇಳುವುದಿಲ್ಲ. ನಾಳೆ ಬೇಗ ಬನ್ನಿ ಎಂದು ಕೇಳುವ ಅಗತ್ಯವೂ ಉಳಿದಿರುವುದಿಲ್ಲ.

ಬ್ರಾಡ್‌ಕಾಸ್ಟಿನಲ್ಲಿ ಸಂಯಮ ಬೇಕು. ಸ್ಟೇಟಸ್ ನೋಡುವುದು ಬಿಡುವುದು ಗಿರಾಕಿಯ ಇಷ್ಟ. ಬ್ರಾಡ್‌ಕಾಸ್ಟ್ ಮನೆಯೊಳಗೇ ಬಂದು ಕೂರುತ್ತದೆ. ದಿನಾ ‘ಶುಭೋದಯ’ ಕಳಿಸುವ ಅಂಗಡಿಯ ನಂಬರು ಮ್ಯೂಟ್ ಆಗಿ, ಆಮೇಲೆ ಬ್ಲಾಕ್ ಆಗುತ್ತದೆ. ನಿಜವಾಗಿ ಹೊಸದೇನಾದರೂ ಬಂದಾಗ ಹೇಳಲು ಬಾಯೇ ಇರುವುದಿಲ್ಲ. ಆಷಾಢದ ರಿಯಾಯಿತಿ, ಮೊದಲ ಮಾವು, ಮುಂಗಾರಿಗೆ ಮುಂಚೆ ಅಡಿಕೆ ಸಸಿ, ಶಾಲೆ ಶುರುವಾಗುವ ಮುನ್ನ ಯೂನಿಫಾರ್ಮ್: ಇಂಥ ಸುದ್ದಿಗಳಿಗೆ ಮಾತ್ರ ಅದನ್ನು ಇಟ್ಟುಕೊಂಡವರ ಮಾತನ್ನು ಜನ ತೆರೆದು ಓದುತ್ತಾರೆ.

ಊರಿಗೆ ಹೊಸದಾಗಿ ಬಂದವರ, ದಾರಿಹೋಕರ ಫೋನ್‌ಬುಕ್ಕಿನಲ್ಲಿ ಮಾತ್ರ ನಾವು ಇರುವುದಿಲ್ಲ. ಅವರು ಹುಡುಕುವುದು ಗೂಗಲ್ ಮ್ಯಾಪ್ಸಿನಲ್ಲಿ. ಅಲ್ಲಿ ಅಂಗಡಿ ಕಾಣುವಂತೆ ಮಾಡುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಉಚಿತವೇ. ಬಹಳಷ್ಟು ಜನ ಇದನ್ನು ಒಮ್ಮೆ ತುಂಬಿ ಮರೆತುಬಿಡುತ್ತಾರೆ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಇದರಷ್ಟು ಲಾಭದ ಅರ್ಧ ಗಂಟೆ ಬೇರೊಂದಿಲ್ಲ. ಪಿನ್ನು ಹಿಂದಿನ ಬೀದಿಯ ಮೇಲೆ ಬಿದ್ದಿದ್ದರೆ ಗಿರಾಕಿ ಗೋಡೆಯ ಆಚೆ ಬಂದು ನಿಂತು ಫೋನ್ ಮಾಡುತ್ತಾನೆ, ಅಥವಾ ಮಾಡದೆಯೇ ಪಕ್ಕದ ಅಂಗಡಿಗೆ ಹೋಗುತ್ತಾನೆ. ಪಿನ್ನನ್ನು ಎಳೆದು ಬಾಗಿಲ ಮುಂದೆಯೇ ಕೂರಿಸಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ಮುಚ್ಚುವುದಿದ್ದರೆ ಅದನ್ನೂ ಹಾಕಬೇಕು. ಅಮಾವಾಸ್ಯೆಗೆ ರಜೆಯಿದ್ದರೆ ಅದನ್ನೂ. ‘ತೆರೆದಿದೆ’ ಎಂದು ಫೋನ್ ಹೇಳಿ, ಬಂದು ನೋಡಿದರೆ ಶಟರ್ ಎಳೆದಿದ್ದರೆ, ಆ ಗಿರಾಕಿ ಮತ್ತೆ ಬರುವುದು ಕಷ್ಟ. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೋರ್ಡಿನಲ್ಲಿ ಇರುವಂತೆಯೇ ಕೊಡಬೇಕು. ಫೋಟೋಗಳಲ್ಲಿ ಒಂದಾದರೂ ರಸ್ತೆಯ ಎದುರು ಬದಿಯಿಂದ ತೆಗೆದದ್ದಿರಲಿ, ಬರುವವರು ಅಂಗಡಿಯನ್ನು ಮೊದಲು ನೋಡುವುದು ಅಲ್ಲಿಂದಲೇ. ಯಾರಾದರೂ ಬೈದು ವಿಮರ್ಶೆ ಬರೆದಿದ್ದರೆ ಸಮಾಧಾನದಿಂದ, ಸರಿಪಡಿಸಿದ್ದನ್ನು ಹೇಳಿ ಉತ್ತರಿಸಬೇಕು. ಆ ಉತ್ತರವನ್ನು ಬೈದವರು ಓದದಿದ್ದರೂ ಮುಂದೆ ಬರುವವರು ಓದುತ್ತಾರೆ.

ಇನ್ನು ದುಡ್ಡು ಕೊಟ್ಟು ಹಾಕಿಸುವ ಜಾಹೀರಾತು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಅಂಗಡಿಯ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತ ಎಳೆದು, ಅದರೊಳಗಿನವರಿಗೆ ಮಾತ್ರ ತೋರಿಸುವ ಸೌಲಭ್ಯವಿದೆ. ಒತ್ತಿದರೆ ನೇರವಾಗಿ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಬರುವಂತೆಯೂ ಮಾಡಬಹುದು. ಪಳಗಿದ ಕೈ ಗೊತ್ತಾಗುವುದು ವೃತ್ತವನ್ನು ಕುಗ್ಗಿಸುವುದರಲ್ಲಿ. ಇಡೀ ಊರಿಗೆ ಕಾಣಲಿ ಎಂಬ ಆಸೆ ಸಹಜ. ಆದರೆ ಖಾರಾ ಬನ್ನಿಗಾಗಿ ಯಾರೂ ಹದಿನೈದು ಕಿಲೋಮೀಟರ್ ಬರುವುದಿಲ್ಲ. ಮದುವೆ ಸೀರೆಗೆ, ಅಪರೂಪದ ಗಿಡಕ್ಕೆ ಬರುತ್ತಾರೆ. ಸರಕು ಎಷ್ಟು ದೂರದಿಂದ ಜನರನ್ನು ಎಳೆಯಬಲ್ಲದು ಎಂಬುದನ್ನು ಅಂಗಡಿಯವರಿಗಿಂತ ಚೆನ್ನಾಗಿ ಯಾವ ಯಂತ್ರವೂ ಹೇಳಲಾರದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಹುಟ್ಟುಹಬ್ಬದ ಕೇಕಿಗೆಂದು ₹600ರ ಜಾಹೀರಾತು. ಅದರ ಮೇಲೆ 18% ಜಿಎಸ್‌ಟಿ ಸೇರಿ ₹708. ವಿಚಾರಿಸಿದವರು 24 ಜನ, ಕೊಂಡವರು 8 ಎಂದಿಟ್ಟುಕೊಂಡರೆ, ಒಂದು ಕೇಕು ಮಾರಲು ಜಾಹೀರಾತಿಗೇ ₹88.50 ಹೋಯಿತು. ಕೇಕಿನ ಮೇಲೆ ಉಳಿಯುವುದು ₹120 ಆದರೆ ಕೈಗೆ ₹31.50. ಇದು ಕಡಿಮೆ ಅನ್ನಿಸಬಹುದು. ಆದರೆ ಈ ಎಂಟು ಮನೆಗಳ ನಂಬರ್ ಸೇವ್ ಆಗಿ, ಮುಂದಿನ ಹುಟ್ಟುಹಬ್ಬಕ್ಕೆ ಅವರು ತಾವಾಗಿ ಫೋನ್ ಮಾಡಿದರೆ ಆಗ ಖರ್ಚಿಲ್ಲ. ಉಳಿತಾಯ ₹60 ಮಾತ್ರ ಇರುವ ಸರಕಿಗೆ ಇದೇ ಜಾಹೀರಾತು ಕೊಟ್ಟರೆ ಪ್ರತಿ ಮಾರಾಟಕ್ಕೂ ಕೈಯಿಂದ ಹಾಕಬೇಕಾಗುತ್ತದೆ. ಈ ಲೆಕ್ಕ ಹಾಕದೆ ‘ಬೂಸ್ಟ್’ ಗುಂಡಿ ಒತ್ತುವವರಿಗೆ ಲೈಕುಗಳು ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಅಂಗಡಿಗೆ ಎಂದೂ ಬರಲಾರದ ದೂರದವು.

ಅಂಗಡಿಗೆ ಫೋನ್ ಮಾಡಿದವರಿಗೆ ಕೇಳಿಸುವ ಕಾಲರ್ ಟ್ಯೂನಿನಲ್ಲೂ ಅಂಗಡಿಯ ಹೆಸರು, ಸಮಯ ಹೇಳಿಸುವ ವ್ಯವಸ್ಥೆ ಇದೆ. ಹೇಗಿದ್ದರೂ ಕಾಯುವ ಆ ಕೆಲವು ಸೆಕೆಂಡುಗಳನ್ನು ಬಳಸಿಕೊಳ್ಳುವುದು ಜಾಣತನವೇ, ಆದರೆ ಅವರು ಆಗಲೇ ನಮ್ಮನ್ನು ಹುಡುಕಿ ಬಂದವರು. ಅದಕ್ಕೆ ಹೆಚ್ಚು ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಕ್ಕೆ ಆ್ಯಪುಗಳು ನೂರು ಅಂಕಿ ತೋರಿಸುತ್ತವೆ. ಬ್ಲೌಸ್ ಹೊಲಿಯುವ ಆಕೆ ಇಟ್ಟಿರುವುದು ಅಳತೆಯ ನೋಟ್‌ಬುಕ್ಕಿನ ಕೊನೆಯ ಹಾಳೆ. ಹೊಸಬರು ಬಂದಾಗ “ಯಾರು ಹೇಳಿದ್ರು ಅಕ್ಕಾ, ಎಲ್ಲಿ ನೋಡಿದ್ರಿ?” ಎಂದು ಕೇಳಿ, ಮ್ಯಾಪು, ಸ್ಟೇಟಸ್ಸು, ಪಕ್ಕದ ಮನೆಯವರು ಎಂಬ ಮೂರು ಕಾಲಂಗಳಲ್ಲಿ ಗೀಟು ಎಳೆಯುತ್ತಾಳೆ. ಒಬ್ಬ ಗಿರಾಕಿ ತನ್ನ ಸ್ಟೇಟಸ್ಸಿನಲ್ಲಿ ಕುಚ್ಚಿನ ಫೋಟೋ ಹಾಕಿಕೊಂಡದ್ದನ್ನು ನೋಡಿ ಬಂದವರು ಹೆಚ್ಚು ಎಂದು ಆ ಗೀಟುಗಳಿಂದ ತಿಳಿದ ಮೇಲೆ, ಸೀರೆ ಕೊಡುವಾಗ “ಉಟ್ಕೊಂಡು ಒಂದು ಫೋಟೋ ಕಳ್ಸಿ” ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದಾಳೆ. ಅವರು ಒಪ್ಪಿದರೆ ಮಾತ್ರ, ಮುಖ ಬಿಟ್ಟು, ತಾನೂ ಹಾಕುತ್ತಾಳೆ.

ಗೌರಿ ಹಬ್ಬ ಹತ್ತಿರ ಬಂದಂತೆ ಆಕೆಯ ಸ್ಟೇಟಸ್ ಬದಲಾಗುತ್ತದೆ: “ಹಬ್ಬಕ್ಕೆ ಆರ್ಡರ್ ನಿಂತಿದೆ. ಒಪ್ಪಿಕೊಂಡಿದ್ದನ್ನು ಸರಿಯಾಗಿ ಕೊಡಬೇಕು. ಗಣೇಶ ಕಳೆದ ಮೇಲೆ ಬನ್ನಿ.” ಬರುತ್ತೇನೆಂದವರನ್ನು ಬೇಡವೆನ್ನುವ ಜಾಹೀರಾತು ಇದು. ಆದರೂ ವಿಚಾರಿಸಿ ಮೆಸೇಜು ಮಾಡಿದವರನ್ನು ಆಕೆ ಕೈಬಿಡುವುದಿಲ್ಲ. ಬಿಸಿನೆಸ್ ಆ್ಯಪ್‌ನಲ್ಲಿ ಚಾಟಿಗೆ ಬಣ್ಣದ ಲೇಬಲ್ ಹಚ್ಚುವ ಸೌಲಭ್ಯವಿದೆಯಲ್ಲ, ಅದರಲ್ಲಿ ‘ಹಬ್ಬದ ಮೇಲೆ’ ಎಂಬ ಲೇಬಲ್ ಮಾಡಿ ಅವರನ್ನೆಲ್ಲ ಅದರೊಳಗೆ ಇಡುತ್ತಾಳೆ. ಗಣೇಶನನ್ನು ಬಿಟ್ಟ ಮರುದಿನ, ಹೊಸ ಸ್ಟೇಟಸ್ ಹಾಕುವುದಕ್ಕೂ ಮೊದಲು, ಆ ಲೇಬಲ್ ತೆರೆದು ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯುತ್ತಾಳೆ: “ಅಕ್ಕಾ, ಈಗ ಬಿಡುವಿದೆ. ಅಳತೆ ಬ್ಲೌಸ್ ತನ್ನಿ.”